ಸಾಧಕಿಯರ ಭಾವಚಿತ್ರ ಬಿಡಿಸಿದರೆ ಎಲ್ಲರೂ ಕ್ಯಾಲೆಂಡರ್ ದೇವಿಯರ ಹಾಗೆ ಕಾಣುತ್ತಾರೆ, ಏನು ಮಾಡಲಿ?

ತುಳಸಿ ಗೌಡ, ಸಾಲುಮರದ ತಿಮ್ಮಕ್ಕ, ಗಂಗೂಬಾಯಿ ಹಾನಗಲ್, ಕಿತ್ತೂರು ಚೆನ್ನಮ್ಮ ಅಂತ ಪಟ್ಟಿ ಕೊಟ್ಟು, ಹೋಲಿಕೆ ಬರುತ್ತೆ ಆದರೆ ಗತ್ತು ಬರಲ್ಲ ಅಂದಿದ್ದೀರಿ. ನನಗನ್ನಿಸುವ ಮಟ್ಟಿಗೆ ನೀವು ಅವರನ್ನು ಚಂದ ಮಾಡೋಕೆ ಹೋಗುತ್ತಿದ್ದೀರಿ. ಸುಕ್ಕು ಅಳಿಸಿ, ಮೈಬಣ್ಣ ತಿಳಿ ಮಾಡಿ, ತಲೆ ಹಿಂದೆ ಒಂದಿಷ್ಟು ಬೆಳಕು ಹಚ್ಚಿದರೆ ಯಾರಾದರೂ ಕ್ಯಾಲೆಂಡರ್ ಸೇರುತ್ತಾರೆ.

ತುಳಸಿ ಗೌಡರಿಂದಲೇ ಶುರು ಮಾಡಿ. ಅಂಕೋಲಾ ಕಡೆಯ ಹೊನ್ನಳ್ಳಿಯ ಹಾಲಕ್ಕಿ ಸಮುದಾಯದ ಅಜ್ಜಿ, ನರ್ಸರಿಯಲ್ಲಿ ಸಸಿ ಬೆಳೆಸುತ್ತಲೇ ಮುಪ್ಪಾದವರು. 2021ರಲ್ಲಿ ಪದ್ಮಶ್ರೀ ತಗೊಳ್ಳಲು ಬರಿಗಾಲಲ್ಲೇ ನಡೆದು ಬಂದರು. ಅಂಥವರನ್ನು ಎದೆಮಟ್ಟಕ್ಕೆ ಕತ್ತರಿಸಿದರೆ ಹೇಗೆ? ಕೈ, ಪಾದ ಎರಡೂ ಬರುವಷ್ಟು ದೊಡ್ಡ ಕ್ಯಾನ್ವಾಸ್ ತಗೊಳ್ಳಿ. ಮೈಬಣ್ಣಕ್ಕೆ ಸುಮ್ನೆ ಬಿಳಿ ಸುರಿಯಬೇಡಿ, ಕಪ್ಪು ಮೈ ಬೂದಿ ಬಳಿದ ಹಾಗಾಗುತ್ತೆ. ನಾನು ಬರ್ನ್ಟ್ ಸಿಯೆನಾಗೆ (ಕೆಂಗಂದು ಬಣ್ಣ) ಅಲ್ಟ್ರಾಮರೀನ್ ನೀಲಿ ಬೆರೆಸಿ ನೆರಳು ಹಾಕುತ್ತೇನೆ, ಬೆಳಕು ಬಿದ್ದ ಕಡೆ ಯೆಲ್ಲೋ ಓಕರ್ (ಮಣ್ಣಿನ ಹಳದಿ). ಹಣೆ, ಕೆನ್ನೆಮೂಳೆಯ ಹೊಳಪಿಗೆ ಮಾತ್ರ ಚೂರು ಬಿಳಿ, ಅದಕ್ಕೂ ಒಂದು ಹನಿ ನೀಲಿ. ಇನ್ನು ಕೊರಳ ತುಂಬಾ ಇರುವ ಮಣಿಸರ. ಒಂದೊಂದೇ ಮಣಿ ಬಿಡಿಸುತ್ತಾ ಕೂತರೆ ನೋಡುವವರ ಕಣ್ಣು ಅಲ್ಲೇ ನಿಂತುಬಿಡುತ್ತೆ, ಮುಖಕ್ಕೆ ಹೋಗಲ್ಲ. ಒಟ್ಟಾಗಿ ಗಾಢ ಬಣ್ಣ ಬಳಿಯಿರಿ. ಒಣಗಿದ ಮೇಲೆ ಅಲ್ಲಲ್ಲಿ ನಾಲ್ಕು ಚುಕ್ಕೆ ಇಡಿ, ಸಾಕು.

ತಿಮ್ಮಕ್ಕನನ್ನು ಆಲದ ಮರದ ಪಕ್ಕ ನಿಲ್ಲಿಸಿ ಎಲ್ಲರೂ ಬಿಡಿಸಿದ್ದಾರೆ. ನಾನಾದರೆ 2019ರ ಆ ಗಳಿಗೆ ಹಿಡಿಯುತ್ತೇನೆ. ಪದ್ಮಶ್ರೀ ಕೊಡಲು ಬಂದ ರಾಷ್ಟ್ರಪತಿಯ ಹಣೆ ಮುಟ್ಟಿ ಅಜ್ಜಿಯೇ ಆಶೀರ್ವಾದ ಮಾಡಿದರಲ್ವಾ? ಆ ಕೈ ಒಂದು ಸಾಕು.

ಗಂಗೂಬಾಯಿ ಅವರದು ಗಂಟಲಿನ ಚಿಕಿತ್ಸೆಯ ನಂತರ ಗಡಸಾದ ದನಿ. ಆ ದನಿಯಲ್ಲೇ ಹಿಂದೂಸ್ತಾನಿ ಗಾಯನದ ಕಿರಾನಾ ಘರಾನೆಯ (ಪರಂಪರೆಯ) ದೊಡ್ಡ ಹೆಸರಾದರು. ಹಾಗಾಗಿ ಬಾಯಿ ಮುಚ್ಚಿ ನಗುವ ಚಿತ್ರ ಬೇಡ, ಹಾಡುತ್ತಿರಲಿ. ಹಲ್ಲುಗಳ ನಡುವೆ ಗೆರೆ ಎಳೆಯಬೇಡಿ. ಮೇಲಿನ ಸಾಲಿಗೆ ಒಂದೇ ಮಾಸಲು ಪಟ್ಟೆ ಕೊಟ್ಟು, ಶ್ರಮವನ್ನೆಲ್ಲ ದವಡೆ ಮತ್ತು ಕುತ್ತಿಗೆಯ ಬಿಗಿಗೆ ಹಾಕಿ.

ಚೆನ್ನಮ್ಮನ ವಿಷಯ ಬೇರೆ. 1824ರಲ್ಲಿ ಕಿತ್ತೂರಿನಲ್ಲಿ ಕ್ಯಾಮೆರಾ ಎಲ್ಲಿಂದ ಬರಬೇಕು? ನಾವು ನೋಡುವ ಮುಖವೆಲ್ಲ ಕಲಾವಿದರ ಕಲ್ಪನೆ, ಅದೂ ಜಾಸ್ತಿ ಇಪ್ಪತ್ತರ ಹುಡುಗಿಯದು. ಹುಟ್ಟಿದ್ದು 1778 ಅಂತ ಹೇಳುತ್ತಾರೆ. ಅಂದರೆ ಯುದ್ಧದ ಹೊತ್ತಿಗೆ ನಲವತ್ತು ದಾಟಿತ್ತು, ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಹಳೇ ಪೋಸ್ಟರ್ ನಕಲು ಮಾಡೋದು ಬಿಟ್ಟು ಆ ವಯಸ್ಸಿನ ನಿಮ್ಮ ಅತ್ತೆಯನ್ನೋ ಚಿಕ್ಕಮ್ಮನನ್ನೋ ಕಿಟಕಿ ಬೆಳಕಿಗೆ ಕೂರಿಸಿಕೊಳ್ಳಿ. ಮೊದಲು ಪೆನ್ಸಿಲ್‌ನಲ್ಲಿ ಬರೀ ಕಣ್ಣು, ಹುಬ್ಬು, ಬಾಯಿ ಬಿಡಿಸಿ. ಕತ್ತಿ, ಕುದುರೆ ಆಮೇಲೆ.