ಬಳ್ಳಾರಿ ಸೆಂಟ್ರಲ್ ಜೈಲಿನೊಳಗೆ ಏನು ನಡೆಯುತ್ತದೆ ಅಂತ ಹೊರಗಿನವರು ಯಾರಾದರೂ ನೋಡುತ್ತಾರಾ?

ನೋಡುತ್ತಾರೆ. ಆದರೆ ಎಲ್ಲರೂ ಪೂರ್ತಿ 'ಹೊರಗಿನವರು' ಅಲ್ಲ.

ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಯಂಥವರು ಹುದ್ದೆಯ ಬಲದಿಂದಲೇ ಜೈಲಿನ ಸಂದರ್ಶಕರು. ಜೊತೆಗೆ ಸರ್ಕಾರ ನೇಮಿಸುವ ಸಾಮಾನ್ಯ ನಾಗರಿಕರೂ ಇರಬೇಕು. ಅಡುಗೆಮನೆ, ಬ್ಯಾರಕ್, ಶೌಚಾಲಯ, ಆಸ್ಪತ್ರೆ ನೋಡಿ, ಕೈದಿಗಳನ್ನು ಮಾತಾಡಿಸಿ, ಕಂಡದ್ದನ್ನು ಪುಸ್ತಕದಲ್ಲಿ ಬರೆಯುವುದು ಇವರ ಕೆಲಸ. ಮಾನವ ಹಕ್ಕುಗಳ ಆಯೋಗಕ್ಕೂ 1993ರ ಕಾಯ್ದೆ ಜೈಲಿಗೆ ಭೇಟಿ ಕೊಡುವ ಅಧಿಕಾರ ಕೊಟ್ಟಿದೆ.

ನನಗೆ ಮುಖ್ಯ ಅನ್ನಿಸುವುದು ಒಂದು ಪೆಟ್ಟಿಗೆ. ತಿಹಾರ್ ಜೈಲಿನ ಕೈದಿ ಸುನಿಲ್ ಬಾತ್ರಾ, ಇನ್ನೊಬ್ಬ ಕೈದಿಗೆ ಆದ ಚಿತ್ರಹಿಂಸೆ ಬಗ್ಗೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಒಂದು ಪತ್ರ ಬರೆದರು. ಕೋರ್ಟ್ ಅದನ್ನೇ ಅರ್ಜಿ ಅಂತ ತೆಗೆದುಕೊಂಡಿತು. ಜೈಲುಗಳಲ್ಲಿ ದೂರು ಪೆಟ್ಟಿಗೆ ಇಡಿ, ಅದು ಜಿಲ್ಲಾ ಮ್ಯಾಜಿಸ್ಟ್ರೇಟ್, ಸೆಷನ್ಸ್ ನ್ಯಾಯಾಧೀಶರ ಉಸ್ತುವಾರಿಯಲ್ಲಿರಲಿ ಅಂತ 1979ರ ಕೊನೆಗೆ ಹೇಳಿತು. ಅಂದರೆ ಜೈಲರ್ ಮೇಲಿನ ದೂರು ಜೈಲರ್ ಕೈಗೇ ಹೋಗಬಾರದು, ಅಲ್ವಾ?

ತೊಂದರೆ ಇರುವುದು ಮೊದಲೇ ಗೊತ್ತಾಗುವ ಭೇಟಿಯಲ್ಲಿ. ಸಾಹೇಬರು ಬರುತ್ತಾರೆ ಅಂದ ದಿನ ಯಾವ ಜೈಲಲ್ಲೇ ಆದರೂ ನೆಲ ಫಳಫಳ, ಸಾರು ಗಟ್ಟಿ! ಪಕ್ಕದಲ್ಲೇ ವಾರ್ಡರ್ ನಿಂತಿದ್ದರೆ ಕೈದಿ ಬಾಯಿ ಬಿಡುವುದೂ ಕಷ್ಟ. ಬಳ್ಳಾರಿ ಬೇಸಿಗೆಯಲ್ಲಿ ಫ್ಯಾನ್, ನೀರು ಹೇಗಿದೆ ಅಂತ ತಿಳಿಯಲು ಏಪ್ರಿಲ್ ಮಧ್ಯಾಹ್ನ ಹೇಳದೆ ಹೋಗಬೇಕು.

ನಿಮ್ಮವರು ಒಳಗಿದ್ದರೆ ಸುಮ್ನೆ ಕೂರಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ಸಾಕು. ಕಸ್ಟಡಿಯಲ್ಲಿರುವವರಿಗೆ ವಕೀಲರ ನೆರವು ಉಚಿತ. ಸಹಾಯವಾಣಿ 15100.