ಹಳ್ಳ, ಅಬ್ಬಿಗಳ ಫೋಟೊ: ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಆಗುಂಬೆ, ಕಿಗ್ಗದ ಕಡೆ ಹೋದಾಗೆಲ್ಲ ಹಳ್ಳಗಳ ಫೋಟೊ ತೆಗೆಯುತ್ತೇನೆ. ಅಲ್ಲಿ ನೋಡುವಾಗ ಸೊಗಸಾಗಿರುತ್ತದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಕಲ್ಲು, ಕೊಂಬೆ, ನೊರೆ ಎಲ್ಲ ಕಲಸಿಹೋಗಿರುತ್ತದೆ. ನನ್ನದು 16-35 ಮಿ.ಮೀ. ಲೆನ್ಸ್. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಹಳ್ಳದ ಪಕ್ಕ ನಿಂತಾಗ ನೀರಿನ ಸದ್ದು ಕೇಳುತ್ತದೆ, ಹರಿವು ಕಾಣುತ್ತದೆ. ಕಣ್ಣು ತಾನಾಗಿಯೇ ನೀರಿನ ಬೆನ್ನು ಹತ್ತಿ ಕಸಕಡ್ಡಿಯನ್ನು ಬಿಟ್ಟುಬಿಡುತ್ತದೆ. ಫೋಟೊದಲ್ಲಿ ಹರಿವು ನಿಂತಿರುತ್ತದೆ. ಅಲ್ಲಿ ಕಡ್ಡಿಗೂ ನೀರಿಗೂ ಒಂದೇ ಬೆಲೆ. ಹಾಗಾಗಿ ಕ್ಯಾಮೆರಾ ಚೀಲದಲ್ಲಿರುವಾಗಲೇ ತೀರ್ಮಾನಿಸಬೇಕಾದ ಸಂಗತಿ ಎರಡು: ನೀರು ಚೌಕಟ್ಟಿನೊಳಗೆ ಎಲ್ಲಿಂದ ಬರಬೇಕು, ಎಲ್ಲಿಂದ ಹೊರಗೆ ಹೋಗಬೇಕು. ಷಟರ್, ಫಿಲ್ಟರ್ ಎಲ್ಲ ಆಮೇಲಿನ ಮಾತು.

ಹೆಚ್ಚಿನವರು ದಡದ ಮೇಲೆ ನಿಂತು, ಹಳ್ಳಕ್ಕೆ ಎದುರಾಗಿ ತೆಗೆಯುತ್ತಾರೆ. ಆಗ ನೀರು ಎಡದಿಂದ ಬಲಕ್ಕೆ ಒಂದು ಬಿಳಿ ಪಟ್ಟಿಯಾಗಿ ಚಿತ್ರವನ್ನು ಸೀಳುತ್ತದೆ. ಸ್ವಲ್ಪ ಕೆಳಗೆ ನಡೆದು, ನೀರು ಬರುವ ದಿಕ್ಕಿಗೆ ಮುಖ ಮಾಡಿ ನಿಲ್ಲಿ. ಮೇಲೆ ಎಡಗಡೆ ಶುರುವಾದ ಬಿಳಿ ಗೆರೆ ಒಮ್ಮೆ ಬಲಕ್ಕೆ ಹೊರಳಿ ಮತ್ತೆ ಎಡಕ್ಕೆ ಬಂದು ಕೆಳಗಿನ ಅಂಚು ದಾಟಿದರೆ ನೋಡುವವರಿಗೆ ದಾರಿ ಸಿಕ್ಕಂತೆ. ದಾಟುವ ಜಾಗ ಸರಿಯಾಗಿ ಮೂಲೆಗೇ ಬೀಳದಿರಲಿ, ಒಂದಿಷ್ಟು ಈಚೆಗಿರಲಿ. ಮೂಲೆಗೆ ಬಿದ್ದರೆ ಕಣ್ಣು ಅಲ್ಲಿಂದ ಜಾರಿಹೋಗುತ್ತದೆ.

ಈಗ ನಿಮ್ಮ ಲೆನ್ಸಿನ ವಿಷಯ. 16 ಮಿ.ಮೀ.ನಲ್ಲಿ ಎದೆಯ ಎತ್ತರದಿಂದ ತೆಗೆದರೆ ಚಿತ್ರದ ಅರ್ಧ ಭಾಗ ಬರೀ ನೆಲ, ಹಿಂದಿನ ಅಬ್ಬಿ ದಾರದಷ್ಟು ಸಣ್ಣದು. ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಮುಂದಿನ ಕಲ್ಲಿಗೆ ಒಂದು ಮೀಟರಿಗಿಂತ ಹತ್ತಿರ ಹೋಗಿ. ಆ ಕಲ್ಲು ಪೂರ್ತಿ ಚೌಕಟ್ಟಿನೊಳಗೆ ಇರಬೇಕು. ಅರ್ಧ ಕತ್ತರಿಸಿದ ಬಂಡೆ ಇದ್ದೂ ಪ್ರಯೋಜನವಿಲ್ಲ. ಇನ್ನೊಂದು ಸೂಕ್ಷ್ಮ ಇದೆ: ಮುಂದಿನ ಕಲ್ಲಿನ ತಲೆ ಹಿಂದಿನ ನೊರೆಗೆ ಅಂಟಿಕೊಂಡಂತೆ ಕಂಡರೆ ಎರಡೂ ಒಂದೇ ಮುದ್ದೆಯಾಗುತ್ತವೆ. ಕ್ಯಾಮೆರಾವನ್ನು ನಾಲ್ಕೈದು ಇಂಚು ಮೇಲಕ್ಕೆ ಎತ್ತಿ ನೋಡಿ, ಕಲ್ಲಿಗೂ ನೊರೆಗೂ ನಡುವೆ ಕಪ್ಪು ನೀರಿನ ಒಂದು ಸಂದು ತೆರೆದುಕೊಳ್ಳುತ್ತದೆ. ನೀವು ಹೇಳುವ ಕಲಸಿದಂಥ ನೋಟಕ್ಕೆ ಮುಖ್ಯ ಕಾರಣ ಈ ಸಂದು ಇಲ್ಲದಿರುವುದೇ.

ಫುಲ್ ಫ್ರೇಮ್ (35 ಮಿ.ಮೀ. ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 16 ಮಿ.ಮೀ., ಎಫ್ 11 (ಲೆನ್ಸಿನ ರಂಧ್ರದ ಅಳತೆ, ಸಂಖ್ಯೆ ದೊಡ್ಡದಾದಷ್ಟೂ ರಂಧ್ರ ಕಿರಿದು) ಇಟ್ಟು ಸುಮಾರು ಒಂದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಅರ್ಧ ಮೀಟರಿನಿಂದ ಹಿಂದಿನ ಮರದವರೆಗೂ ಸ್ಪಷ್ಟವಾಗಿ ಬರುತ್ತದೆ. ಇನ್ನೂ ಸ್ಪಷ್ಟವಾಗಲಿ ಎಂದು ಎಫ್ 22ಕ್ಕೆ ಹೋಗಬೇಡಿ. ಬೆಳಕು ಅಷ್ಟು ಕಿರಿದಾದ ರಂಧ್ರದಲ್ಲಿ ಚದುರಿ ಇಡೀ ಚಿತ್ರವೇ ಮಸುಕಾಗುತ್ತದೆ.

ಕ್ಲಿಕ್ ಮಾಡುವ ಮುನ್ನ ನಾಲ್ಕೂ ಅಂಚುಗಳ ಮೇಲೆ ಕಣ್ಣಾಡಿಸಿ. ಎಲೆಗಳ ನಡುವೆ ಬೆಳ್ಳಗೆ ಇಣುಕುವ ಆಕಾಶದ ತುಣುಕು ನೊರೆಗಿಂತ ಹೆಚ್ಚು ಕಣ್ಣು ಸೆಳೆಯುತ್ತದೆ, ಅದನ್ನು ಹೊರಗಿಡಿ. ಮುಂದೆ ಇಡಲು ಯೋಗ್ಯವಾದ ಕಲ್ಲೇ ಸಿಗದಿದ್ದರೆ ವೈಡ್ ಲೆನ್ಸಿನ ಹಟ ಬಿಟ್ಟು, ದೂರದ್ದನ್ನು ಹತ್ತಿರ ತರುವ 70-200 ಮಿ.ಮೀ. ಲೆನ್ಸ್ ಹಾಕಿ, ನೀರು ಬಂಡೆಯ ಮೇಲೆ ಹೊರಳುವ ಒಂದೇ ಒಂದು ತಿರುವನ್ನು ತೆಗೆಯಿರಿ. ಮಲೆನಾಡಿನ ಕಾಡುಹಳ್ಳಗಳಿಗೆ ಇದೇ ಹೆಚ್ಚು ಒಗ್ಗುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನೀರು ರೇಷ್ಮೆಯಂತೆ ಬರಲಿ ಎಂದು ಎನ್‌ಡಿ 1000 ಫಿಲ್ಟರ್ ಕೊಂಡೆ. ನೀರು ಹತ್ತಿಯಂತೆ ಬರುತ್ತಿದೆ, ಎಲೆಗಳೂ ಅಲುಗಿವೆ.

ಉತ್ತರ: ಅದು 10 ಸ್ಟಾಪ್ ಬೆಳಕು ತಡೆಯುವ ಫಿಲ್ಟರ್ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಹಳ್ಳಕ್ಕೆ ಅಷ್ಟು ಬೇಡ. ಮೋಡ ಕವಿದ ಹೊತ್ತಿನಲ್ಲಿ ದಟ್ಟ ಕಾಡಿನೊಳಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 100, ಎಫ್ 11 ಇಟ್ಟರೆ ಷಟರ್ ಹೆಚ್ಚುಕಡಿಮೆ ಕಾಲು ಸೆಕೆಂಡಿಗೆ ಬರುತ್ತದೆ. ಅದರ ಮೇಲೆ ಪೋಲರೈಸರ್ (ಹೊಳಪು ಕಳೆಯುವ, ತಿರುಗಿಸುವ ಫಿಲ್ಟರ್) ಹಾಕಿದರೆ ಅರ್ಧ ಸೆಕೆಂಡು ದಾಟುತ್ತದೆ. ಬಹಳಷ್ಟು ಸಲ ಅಷ್ಟೇ ಸಾಕು. ಎಕ್ಸ್‌ಪೋಷರ್ (ಷಟರ್ ತೆರೆದಿರುವ ಹೊತ್ತು) ಉದ್ದವಾದಷ್ಟೂ ನೊರೆಯ ಮೇಲೆ ನೊರೆ ದಾಖಲಾಗುತ್ತ ಹೋಗಿ, ಹರಿವಿನ ಗೆರೆಗಳೇ ಅಳಿಸಿಹೋಗುತ್ತವೆ.

ಹತ್ತಿರದಲ್ಲಿ ರಭಸವಾಗಿ ಧುಮುಕುವ ನೀರಿಗೆ 1/8 ಅಥವಾ 1/4 ಸೆಕೆಂಡು, ಬಂಡೆಯ ಮೇಲೆ ತೆಳ್ಳಗೆ ಇಳಿಯುವ ನೀರಿಗೆ ಒಂದು ಸೆಕೆಂಡಿನವರೆಗೆ ಕೊಟ್ಟು ನೋಡಿ. 8ರಿಂದ 15 ಸೆಕೆಂಡು ಕೆಲಸಕ್ಕೆ ಬರುವುದು ಅಬ್ಬಿಯ ಕೆಳಗಿನ ಮಡುವಿನಲ್ಲಿ. ಅಲ್ಲಿ ನೊರೆಯ ಚೂರುಗಳು, ಉದುರಿದ ಎಲೆಗಳು ನಿಧಾನವಾಗಿ ಸುತ್ತುತ್ತಿದ್ದರೆ ಚಿತ್ರದಲ್ಲಿ ಬಿಳಿ ಸುರುಳಿಯೇ ಮೂಡುತ್ತದೆ. ಎಲೆ ಅಲುಗಿದರೆ, ಟ್ರೈಪಾಡ್ ಕದಲಿಸದೆ ಐಎಸ್‌ಒ 1600ಕ್ಕೆ ಏರಿಸಿ ಅದೇ ಬೆಳಕಿಗೆ ಇನ್ನೊಂದು ಫೋಟೊ ತೆಗೆದುಕೊಳ್ಳಿ. ಷಟರ್ 16 ಪಟ್ಟು ಚುರುಕಾಗುತ್ತದೆ. ಆಮೇಲೆ ನೀರನ್ನು ಒಂದರಿಂದ, ಎಲೆಗಳನ್ನು ಇನ್ನೊಂದರಿಂದ ಸೇರಿಸಬಹುದು.

ಪೋಲರೈಸರ್ ಮಾತ್ರ ಬಿಡಬೇಡಿ. ಒದ್ದೆ ಕಲ್ಲು, ಎಲೆಗಳ ಮೇಲಿನ ಬಿಳಿ ಹೊಳಪು ಹೋಗಿ ಪಾಚಿಯ ಹಸಿರು ಎದ್ದು ಕಾಣುತ್ತದೆ. ಹಾಗಂತ ಪೂರ್ತಿ ತಿರುಗಿಸಿದರೆ ನೀರು ಸತ್ತಂತೆ ಕಪ್ಪಾಗುತ್ತದೆ, ಕಲ್ಲಿನ ಮೇಲೆ ಒಂದಿಷ್ಟು ಮಿಂಚು ಉಳಿಯುವಲ್ಲಿ ನಿಲ್ಲಿಸಿ. ಒದ್ದೆ ಬಂಡೆ ಕಪ್ಪಗಿರುವುದರಿಂದ ಕ್ಯಾಮೆರಾ ಬೆಳಕು ಕಡಿಮೆಯಿದೆ ಎಂದು ತಿಳಿದು ನೊರೆಯನ್ನು ವಿವರವೇ ಉಳಿಯದಷ್ಟು ಬೆಳ್ಳಗಾಗಿಸುತ್ತದೆ. ಎಕ್ಸ್‌ಪೋಷರನ್ನು ಒಂದು ಸ್ಟಾಪ್ ಇಳಿಸಿ, ರಾ ಫೈಲಿನಲ್ಲಿ (ಕ್ಯಾಮೆರಾ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ಫೈಲು) ತೆಗೆಯಿರಿ.

ಟ್ರೈಪಾಡಿನ ಕಾಲನ್ನು ಹರಿಯುವ ನೀರಿನಲ್ಲಿ ಇಟ್ಟರೆ ಇಡೀ ಕ್ಯಾಮೆರಾ ನಡುಗುತ್ತದೆ, ಮರಳಿನಲ್ಲಿ ಇಟ್ಟರೆ ಮೆಲ್ಲಗೆ ಕುಸಿಯುತ್ತದೆ. ಕಲ್ಲಿಗೆ ತಾಗುವವರೆಗೆ ಒತ್ತಿ, 2 ಸೆಕೆಂಡಿನ ಟೈಮರ್ ಹಾಕಿ. ನೀರು ಇದ್ದಕ್ಕಿದ್ದಂತೆ ಕೆಂಪಾಗಿ, ಕಡ್ಡಿ ಎಲೆ ಹೊತ್ತು ತರತೊಡಗಿದರೆ ಮೇಲೆ ಮಳೆ ಬಿದ್ದಿದೆ ಎಂದೇ ಅರ್ಥ. ತಕ್ಷಣ ದಡ ಸೇರಿ.

ಪ್ರಶ್ನೆ: ಜೋಗಕ್ಕೆ ಹೋದರೆ ಬರೀ ಮಂಜು. ಮಂಜು ಸರಿದರೂ ಫೋಟೊ ಪೋಸ್ಟ್‌ಕಾರ್ಡಿನಂತೆ ಬರುತ್ತದೆ.

ಉತ್ತರ: ಮಂಜೇ ಅಲ್ಲಿನ ಬಂಡವಾಳ. ಮಳೆಗಾಲದಲ್ಲಿ ಅದು ಕವಿಯುತ್ತ, ಸರಿಯುತ್ತ ಇರುತ್ತದೆ. ಕ್ಯಾಮೆರಾ ಸಜ್ಜಾಗಿಟ್ಟು, ಅರ್ಧ ತೆರೆದುಕೊಂಡ ಗಳಿಗೆಗೆ ಕಾಯಿರಿ. ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಧಾರೆಗಳನ್ನೂ ಒಂದೇ ಚಿತ್ರಕ್ಕೆ ತುಂಬುವ ಆಸೆ ಬಿಡಿ. 70-200 ಲೆನ್ಸಿನಲ್ಲಿ ರಾಜನೊಂದನ್ನೇ ಉದ್ದ ಚೌಕಟ್ಟಿನಲ್ಲಿ ತೆಗೆದು, ನೀರು ಬೀಳುವ ಕಡೆ ಕೆಳಗೆ ಜಾಗ ಬಿಡಿ. 253 ಮೀಟರಿನ ಆಳ ಗೊತ್ತಾಗುವುದು ಆ ಖಾಲಿ ಜಾಗದಿಂದಲೇ. ಅಂಚಿನ ಒಂದು ಮರ ಚಿತ್ರದಲ್ಲಿ ಬಂದರೆ ಅಳತೆಯೂ ಸಿಗುತ್ತದೆ. ಮಳೆಗಾಲ ಮುಗಿದ ಮೇಲೆ ನೀರು ಎಷ್ಟಿರುತ್ತದೆ ಎಂಬುದು ಲಿಂಗನಮಕ್ಕಿ ಅಣೆಕಟ್ಟಿನ ಕೈಯಲ್ಲಿದೆ, ವಿಚಾರಿಸಿಯೇ ಹೊರಡಿ.

ಸೂರ್ಯ ಬೆನ್ನ ಹಿಂದಿದ್ದರೆ ಮಳೆಬಿಲ್ಲು ಸಿಗಬಹುದು. ಆಗ ಪೋಲರೈಸರನ್ನು ನೋಡಿಕೊಂಡು ತಿರುಗಿಸಿ, ತಪ್ಪು ಕೋನದಲ್ಲಿ ಅದು ಬಿಲ್ಲನ್ನೇ ಅಳಿಸಿಬಿಡುತ್ತದೆ.

ಪ್ರಶ್ನೆ: ನನ್ನ ಹತ್ತಿರ ಇರುವುದು ಮೊಬೈಲ್ ಮಾತ್ರ.

ಉತ್ತರ: ಐಫೋನ್ ಆದರೆ ಲೈವ್ ಫೋಟೊ ತೆಗೆದು, ಆಮೇಲೆ ಲಾಂಗ್ ಎಕ್ಸ್‌ಪೋಷರ್ ಆಯ್ಕೆ ಒತ್ತಿ. ಆಂಡ್ರಾಯ್ಡಿನಲ್ಲಿ ಪ್ರೊ ಮೋಡ್ ಇದ್ದರೆ ಐಎಸ್‌ಒ ಕನಿಷ್ಠಕ್ಕೆ ಇಳಿಸಿ ಷಟರ್ 1/4ಕ್ಕೆ ಇಡಿ. ಫೋನನ್ನು ಕಲ್ಲಿಗೆ ಆನಿಸಿ ನಿಲ್ಲಿಸಿ. ತೀರಾ ಬೆಳ್ಳಗೆ ಬಂದರೆ ಬಿಸಿಲು ಹೆಚ್ಚಿದೆ ಎಂದರ್ಥ. ಮೋಡ ಬರುವವರೆಗೆ ಕಾಯಿರಿ. ಲೆನ್ಸನ್ನು ಪ್ರತಿ ಸಲವೂ ಒರೆಸಿಕೊಳ್ಳಿ, ಅಬ್ಬಿಯ ಎದುರು ಒಂದು ನಿಮಿಷದಲ್ಲೇ ಅದರ ಮೇಲೆ ತುಂತುರು ಕೂತಿರುತ್ತದೆ.