ಕಾಸರಗೋಡಿನಲ್ಲಿ ಏನು ತಿನ್ನಬೇಕೆಂದು ಕೇಳಿದವರಿಗೆ

ವರ್ಗವಾಗಿ ಕಾಸರಗೋಡಿಗೆ ಬರುತ್ತಿರುವ ನೀವು, ಅಲ್ಲಿ ತಿನ್ನುವುದಕ್ಕೆ ಒಳ್ಳೆಯ ಜಾಗ ಯಾವುದು ಎಂದು ಕೇಳಿದ್ದೀರಿ. ದಾವಣಗೆರೆಯವರನ್ನೋ ಧಾರವಾಡದವರನ್ನೋ ಹೀಗೆ ಕೇಳಿದರೆ ಒಂದು ಅಂಗಡಿಯ ಹೆಸರು, ಒಂದು ರಸ್ತೆಯ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ನನಗೆ ಹಾಗೆ ಮುಗಿಸಲು ಬರುವುದಿಲ್ಲ. ನಮ್ಮಲ್ಲಿ ಅಂಗಡಿಯ ಹೆಸರಿಗಿಂತ ಗಡಿಯಾರ ಮುಖ್ಯ. ಗಡಿಯಾರಕ್ಕಿಂತಲೂ ಮುಖ್ಯವಾದದ್ದು, ಬೇಕಾದದ್ದನ್ನು ಯಾವ ಭಾಷೆಯ ಹೆಸರಿನಿಂದ ಕೇಳುತ್ತೀರಿ ಎಂಬುದು. ಈ ಎರಡನ್ನು ಬಲ್ಲವನಿಗೆ ಇಲ್ಲಿ ಹೊಟ್ಟೆಯ ಚಿಂತೆ ಇಲ್ಲ, ಅರಿಯದವನು ಒಂದು ವಾರ ಪರೋಟಾ ತಿಂದು ಬೇಸತ್ತು, ಮನೆಯವರಿಗೆ ಫೋನು ಮಾಡಿ ಉಪ್ಪಿನಕಾಯಿ ತರಿಸಿಕೊಳ್ಳುತ್ತಾನೆ.

ಕಾಸರಗೋಡು ತಾಲೂಕು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಅದರ ನೋವು ನಲಿವುಗಳಿಗೆ ಬೇರೆಯೇ ಬರಹ ಬೇಕು. ತಿನಿಸಿನ ಮಟ್ಟಿಗೆ ಹೇಳುವುದಾದರೆ, ತಲಪಾಡಿಯಲ್ಲಿ ಗಡಿ ದಾಟಿದ ಕೂಡಲೇ ಬೋರ್ಡುಗಳ ಲಿಪಿ ಬದಲಾಗುತ್ತದೆಯೇ ಹೊರತು ಪಾತ್ರೆಯೊಳಗಿನ ಪದಾರ್ಥ ಬದಲಾಗುವುದಿಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆ, ಒಳಗಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯಗಳಲ್ಲಿ ನೀರುದೋಸೆಯೂ ಗೋಳಿಬಜೆಯೂ ಮಂಗಳೂರಿನಲ್ಲಿದ್ದ ಹಾಗೆಯೇ ಇವೆ. ಚಂದ್ರಗಿರಿ ಹೊಳೆಯನ್ನು ದಾಟಿ ತೆಂಕಕ್ಕೆ ಕಾಞಂಗಾಡಿನತ್ತ ಹೋದಂತೆ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಪುಟ್ಟು ಮತ್ತು ಕಡಲೆಯ ಗಸಿ (ಮಸಾಲೆಯ ಪದಾರ್ಥ) ಮುಂದಕ್ಕೆ ಬಂದು, ಇವು ಮೆಲ್ಲನೆ ಹಿಂದಕ್ಕೆ ಸರಿಯುತ್ತವೆ. ಆ ಎರಡರ ನಡುವೆ ಬಿದ್ದಿರುವ ಕಾಸರಗೋಡು ಪೇಟೆಯಲ್ಲಿ ಎರಡೂ ಸಿಗುತ್ತವೆ, ಆದರೆ ಒಂದೇ ಹೊತ್ತಿಗೆ ಒಂದೇ ಅಂಗಡಿಯಲ್ಲಿ ಸಿಗುವುದು ಕಡಿಮೆ.

ಇದಕ್ಕೆ ಅವಲಕ್ಕಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ. ಬೆಳಿಗ್ಗೆ ಏಳೂವರೆಗೆ ಯಾವುದಾದರೂ ಭಟ್ಟರ ಹೋಟೆಲಿಗೆ ಹೋಗಿ ‘ಸಜ್ಜಿಗೆ–ಬಜಿಲ್’ ಎಂದು ಕೇಳಿ. ಸಜ್ಜಿಗೆಯೆಂದರೆ ನಿಮ್ಮ ಕಡೆಯ ಉಪ್ಪಿಟ್ಟು. ಬಜಿಲ್ ಎಂಬುದು ಅವಲಕ್ಕಿಗೆ ತುಳುವಿನ ಹೆಸರು. ತೆಳ್ಳನೆಯ ಅವಲಕ್ಕಿಗೆ ತೆಂಗಿನತುರಿ, ಕೊತ್ತಂಬರಿ–ಮೆಣಸಿನ ಪುಡಿ, ಚೂರು ಬೆಲ್ಲ, ಮೇಲಿಂದ ಸಾಸಿವೆ ಕರಿಬೇವಿನ ಒಗ್ಗರಣೆ ಹಾಕಿ ಕೈಯಲ್ಲೇ ಕಲಸಿರುತ್ತಾರೆ. ಬಿಸಿ ಸಜ್ಜಿಗೆಯ ಪಕ್ಕದಲ್ಲಿ ಅದನ್ನು ಬಡಿಸಿದಾಗ ಎರಡನ್ನೂ ಬೆರೆಸಿ ತಿನ್ನಬೇಕು. ಬೇರೆ ಬೇರೆಯಾಗಿ ತಿನ್ನುವವರನ್ನು ಕಂಡರೆ ಮಾಣಿ ಏನೂ ಅನ್ನುವುದಿಲ್ಲ, ಪರವೂರಿನವರೆಂದು ಮನಸ್ಸಿನಲ್ಲೇ ಬರೆದುಕೊಳ್ಳುತ್ತಾನೆ. ಒಂಬತ್ತೂವರೆ ದಾಟಿದರೆ ಅದು ಮುಗಿದಿರುತ್ತದೆ. ಅದೇ ದಿನ ಸಂಜೆ ಬಸ್‌ಸ್ಟ್ಯಾಂಡಿನ ಆಚೀಚೆ ಇರುವ ಯಾವುದಾದರೂ ಕೂಲ್‌ಬಾರಿನಲ್ಲಿ (ತಂಪು ಪಾನೀಯದ ಅಂಗಡಿಯಲ್ಲಿ) ಕುಳಿತು ‘ಅವಿಲ್ ಮಿಲ್ಕ್’ ಎನ್ನಿ. ಅವಿಲ್ ಎಂದರೂ ಅವಲಕ್ಕಿಯೇ. ಉದ್ದನೆಯ ಗ್ಲಾಸಿನ ತಳದಲ್ಲಿ ಸಣ್ಣ ಬಾಳೆಹಣ್ಣನ್ನು ಸಕ್ಕರೆಯೊಂದಿಗೆ ಕಿವುಚಿ, ಅದರ ಮೇಲೆ ಹುರಿದು ಗರಿಗರಿಯಾದ ಕೆಂಪು ಅವಲಕ್ಕಿಯನ್ನೂ ನೆಲಗಡಲೆಯನ್ನೂ ಸುರಿದು, ಗಟ್ಟಿಯಾಗುವಷ್ಟು ತಣಿಸಿದ ಹಾಲನ್ನು ಹೊಯ್ಯುತ್ತಾರೆ. ಉದ್ದ ಚಮಚವೊಂದನ್ನು ಅದರಲ್ಲಿ ನೆಟ್ಟು ಕೊಡುತ್ತಾರೆ. ಬೇಗ ತಿಂದರೆ ಅವಲಕ್ಕಿ ಹಲ್ಲಿಗೆ ಸಿಗುತ್ತದೆ, ಮಾತಾಡುತ್ತಾ ಕುಳಿತರೆ ಪಾಯಸವಾಗುತ್ತದೆ. ನನಗೆ ಮೊದಲನೆಯದೇ ಇಷ್ಟ. ಐಸ್‌ಕ್ರೀಮಿನ ಉಂಡೆಯನ್ನು ಮೇಲೆ ಕೂರಿಸುವುದು ಈಚಿನ ರೂಢಿ, ಬೇಡವೆಂದರೆ ಬಿಟ್ಟುಕೊಡುತ್ತಾರೆ.

ಮಧ್ಯಾಹ್ನದ ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಹೊಂದಿಕೊಳ್ಳಲು ನಿಮಗೆ ಹದಿನೈದು ದಿನ ಬೇಕು, ಅದಾದ ಮೇಲೆ ಬೆಳ್ತಿಗೆಯ (ಬಿಳಿ ಅಕ್ಕಿಯ) ಅನ್ನ ಪೊಳ್ಳೆನಿಸುತ್ತದೆ. ಕುಡಿಯಲು ನಸುಗೆಂಪು ಬಣ್ಣದ ಬಿಸಿನೀರು ಕೊಟ್ಟರೆ ಗಾಬರಿಪಡಬೇಡಿ. ಅದು ಪತಿಮುಗಂ ಎಂಬ ಮರದ ಚಕ್ಕೆಯನ್ನು ಹಾಕಿ ಕುದಿಸಿದ ನೀರು. ಹೆಸರುಗಳಲ್ಲಿ ಮಾತ್ರ ಜಾಗರೂಕರಾಗಿರಿ. ಘಟ್ಟದ ಮೇಲಿನ ನನ್ನ ಭಾವನೊಬ್ಬರು ಪೇಟೆಯ ಊಟದ ಹೋಟೆಲಿನಲ್ಲಿ, ಗೋಡೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿದ್ದ ‘ಸಂಭಾರಂ’ ಎಂಬುದನ್ನು ಓದಿ, ಬಡಿಸಿದ ಸಾಂಬಾರು ಸಾಲದೆಂದು ಇನ್ನೆರಡು ತರಿಸಿದರು. ಬಂದದ್ದು ಶುಂಠಿ, ಹಸಿಮೆಣಸು, ಕರಿಬೇವು ಜಜ್ಜಿ ಹಾಕಿದ ಎರಡು ಗ್ಲಾಸು ತಣ್ಣನೆಯ ನೀರುಮಜ್ಜಿಗೆ. ಮಲೆಯಾಳದಲ್ಲಿ ಸಂಭಾರಂ ಎಂದರೆ ಅದೇ. ಹೀಗೆಯೇ ‘ವೆಳ್ಳಂ ಬೇಕೋ’ ಎಂದು ಯಾರಾದರೂ ಕೇಳಿದರೆ ಬೆಲ್ಲವನ್ನು ನೆನೆಯಬಾರದು, ಅವರು ಕೇಳುತ್ತಿರುವುದು ನೀರನ್ನು. ಬೆಲ್ಲ ಬೇಕಾದರೆ ‘ಶರ್ಕರ’ ಎನ್ನಬೇಕು, ಸಕ್ಕರೆ ಬೇಕಾದರೆ ‘ಪಂಚಸಾರ’.

ಆದರೆ ಎಲ್ಲ ಹೆಸರುಗಳೂ ಕಾಲೆಳೆಯುವುದಿಲ್ಲ, ಕೆಲವು ಕೈಹಿಡಿದು ನಡೆಸುತ್ತವೆ. ಸಂಜೆ ನಾಲ್ಕು ಗಂಟೆಗೆ ಚಹಾದಂಗಡಿಯ ಗಾಜಿನ ಕಪಾಟು ತುಂಬಿಕೊಳ್ಳುವ ಹೊತ್ತಿಗೆ ‘ಕಡಿ ಏನುಂಟು’ ಎಂಬ ಮಾತನ್ನು ಕೇಳುತ್ತೀರಿ. ಚಹಾದ ಜೊತೆಗೆ ಕಚ್ಚಿ ತಿನ್ನುವ ಯಾವುದೇ ತಿಂಡಿಗೆ ಮಲೆಯಾಳದಲ್ಲಿ ‘ಕಡಿ’ ಎನ್ನುತ್ತಾರೆ. ಇರುವೆ ಕಡಿಯಿತು ಎನ್ನುವಾಗ ನಾವು ಬಳಸುವ ಕಡಿಯೇ ಅದು. ನೇಂದ್ರ ಬಾಳೆಹಣ್ಣನ್ನು ಉದ್ದಕ್ಕೆ ಸೀಳಿ ಹಿಟ್ಟಿನಲ್ಲಿ ಅದ್ದಿ ಕರಿದ ‘ಪಳಂಪೊರಿ’ಯಲ್ಲಿರುವ ಪೊರಿಯೂ ನಮ್ಮ ‘ಹುರಿ’ಯ ದಾಯಾದಿ, ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾದದ್ದನ್ನು ಶಾಲೆಯಲ್ಲಿ ಓದಿದವರು ಇಲ್ಲಿ ಅದನ್ನು ಬಾಯಾರೆ ಅನುಭವಿಸಬಹುದು. ಹಾಲಿಲ್ಲದ ಚಹಾಕ್ಕೆ ಮಲೆಯಾಳದವರು ‘ಕಟ್ಟನ್’ ಎಂದರೆ ನಾವು ‘ಕಣ್ಣ ಚಾ’ ಎನ್ನುತ್ತೇವೆ. ಎರಡನ್ನೂ ಅಂಗಡಿಯವನು ಬಲ್ಲ. ನೀವು ಕನ್ನಡದಲ್ಲೇ ಮಾತಾಡಿ, ಸಂಕೋಚ ಬೇಡ. ಒಂದು ಮೇಜಿಗೆ ತುಳು, ಇನ್ನೊಂದಕ್ಕೆ ಬ್ಯಾರಿ, ಗಲ್ಲೆಯ ಬಳಿ ಕೊಂಕಣಿ ಮಾತಾಡುವ ಮಾಣಿಗಳು ಇರುವ ಊರಿದು.

ಗೋಳಿಬಜೆ, ಪಳಂಪೊರಿ ಎರಡೂ ಇರುವ ಕಪಾಟಿನ ಮುಂದೆ ನಿಂತರೆ ಬಾಣಲೆಯತ್ತ ಕಣ್ಣು ಹಾಯಿಸಿ, ಆಗ ತಾನೇ ಇಳಿದದ್ದನ್ನು ಕೇಳಿ ಪಡೆಯಿರಿ. ಆರಿದ ಗೋಳಿಬಜೆಯಷ್ಟು ನಿರಾಶೆಯ ವಸ್ತು ಇನ್ನೊಂದಿಲ್ಲ. ಪಳಂಪೊರಿ ಹಾಗಲ್ಲ, ಅರ್ಧ ಗಂಟೆಯ ತನಕ ಮರ್ಯಾದೆ ಉಳಿಸಿಕೊಳ್ಳುತ್ತದೆ.

ಬೇಕರಿ ಎಂಬ ಮಾತಿಗೆ ನಿಮ್ಮಲ್ಲಿರುವ ಅರ್ಥವನ್ನೂ ಸ್ವಲ್ಪ ಹಿಗ್ಗಿಸಿಕೊಳ್ಳಬೇಕಾಗುತ್ತದೆ. ಇಲ್ಲಿಯ ಬೇಕರಿಯಲ್ಲಿ ಬ್ರೆಡ್ಡು, ಪಫ್ಸು ಇದ್ದೇ ಇರುತ್ತವೆ. ಅವುಗಳ ಜೊತೆಗೆ ಹಲ್ವದ ಬಣ್ಣಬಣ್ಣದ ಇಟ್ಟಿಗೆಗಳು, ಹಣ್ಣಿನ ರಸ, ಬಾಳೆಕಾಯಿಯ ಚಿಪ್ಸು, ಅದೃಷ್ಟವಿದ್ದರೆ ಕಲ್ತಪ್ಪ. ಕಲ್ತಪ್ಪವನ್ನು ನೋಡಿ ಮೋಸಹೋಗುವವರೇ ಹೆಚ್ಚು. ಹೊರಗೆ ಸುಟ್ಟ ಕಂದು, ಒಳಗೆ ಜೇನುಗೂಡಿನಂತೆ ತೂತುತೂತು. ಕೇಕೆಂದುಕೊಂಡು ಕಚ್ಚಿದರೆ ಕರಿದ ಸಣ್ಣ ಈರುಳ್ಳಿ ಹಲ್ಲಿಗೆ ಸಿಗುತ್ತದೆ. ಅಕ್ಕಿಹಿಟ್ಟು, ಬೆಲ್ಲ, ತೆಂಗಿನ ಚೂರು, ಈರುಳ್ಳಿ, ತೆಂಗಿನೆಣ್ಣೆ ಇಷ್ಟೇ ಅದರ ಬಂಡವಾಳ. ಮನೆಗಳಲ್ಲಿ ಹಿಂದೆ ಪಾತ್ರೆಯ ಕೆಳಗೂ ಮುಚ್ಚಳದ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಸಿಹಿತಿಂಡಿಯಲ್ಲಿ ಈರುಳ್ಳಿಯೇ ಎಂದು ಮೂಗು ಮುರಿದವರು ಎರಡನೆಯ ತುಂಡಿಗೆ ಕೈ ಚಾಚುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಚಿಪ್ಸನ್ನು ಪೊಟ್ಟಣದಲ್ಲಿ ಕಟ್ಟಿಟ್ಟಲ್ಲಿ ಕೊಳ್ಳಬೇಡಿ, ಕರಿಯುವಲ್ಲಿ ಕೊಳ್ಳಿ. ಸಿಪ್ಪೆ ತೆಗೆದ ನೇಂದ್ರ ಬಾಳೆಕಾಯಿಯನ್ನು ಕರಿಯುವವನು ಕಾದ ತೆಂಗಿನೆಣ್ಣೆಯ ಮೇಲೆಯೇ ಹಿಡಿದು ತುರಿಮಣೆಗೆ ಉಜ್ಜುತ್ತಾನೆ, ಬಿಲ್ಲೆಗಳು ನೇರವಾಗಿ ಎಣ್ಣೆಗೆ ಬೀಳುತ್ತವೆ. ಅವು ಅರ್ಧ ಬೆಂದಾಗ ಒಂದು ಚಮಚ ಅರಿಸಿನ ಬೆರೆಸಿದ ಉಪ್ಪುನೀರನ್ನು ಅದೇ ಎಣ್ಣೆಗೆ ಹೊಯ್ಯುತ್ತಾನೆ. ಮೊದಲ ಸಲ ನೋಡುವವರು ಒಂದು ಹೆಜ್ಜೆ ಹಿಂದೆ ಸರಿಯುವಷ್ಟು ಜೋರಾಗಿ ಎಣ್ಣೆ ಭೋರ್ಗರೆಯುತ್ತದೆ. ಆ ಸದ್ದು ಇಳಿದು, ಬಿಲ್ಲೆಗಳು ಜಾಲರಿಗೆ ತಾಗಿ ಕಲಕಲ ಎನ್ನತೊಡಗಿದಾಗ ಹದ ಬಂತೆಂದು ಲೆಕ್ಕ. ಓಣಂ ಹತ್ತಿರವಾದಾಗ ಈ ಬಾಣಲೆಗಳು ಬೆಳಗಿನಿಂದ ರಾತ್ರಿಯವರೆಗೆ ಆರುವುದೇ ಇಲ್ಲ.

ಮೀನು ತಿನ್ನುವವರಾದರೆ ಪಾಠ ಸ್ವಲ್ಪ ಉದ್ದವಿದೆ. ಮಾರುಕಟ್ಟೆಯಲ್ಲಿ ಒಂದೇ ಬುಟ್ಟಿಗೆ ಎರಡು ಹೆಸರು: ನಮ್ಮ ಬಂಗುಡೆ ಅವರ ಅಯಿಲ, ನಮ್ಮ ಬೂತಾಯಿ ಅವರ ಮತ್ತಿ, ನಮ್ಮ ಅಂಜಲ್ ಅವರ ಅಯಕೂರ. ಮಾರುವ ಹೆಂಗಸು ನಿಮ್ಮ ಮುಖ ನೋಡಿ ಹೆಸರು ಆರಿಸುತ್ತಾಳೆ. ಒಮ್ಮೆ ನಾನು ಬೂತಾಯಿಗೆ ಕ್ರಯ ಕೇಳಿ ಹೆಚ್ಚಾಯಿತೆಂದು ಮುಂದೆ ಹೋಗಿ, ಸುತ್ತು ಬಂದು ಅದೇ ಬುಟ್ಟಿಯ ಮುಂದೆ ಮತ್ತಿಗೆ ಎಷ್ಟೆಂದು ಕೇಳಿದೆ. ‘ಹೆಸರು ಬದಲಾಯಿಸಿದರೆ ಮೀನು ಬದಲಾಗುತ್ತದೆಯೋ’ ಎಂದು ತುಳುವಿನಲ್ಲಿ ಜೋರಾಗಿಯೇ ಹೇಳಿದಳು, ಸುತ್ತಲಿದ್ದವರು ನಕ್ಕರು. ಮರ್ಯಾದೆಗಾಗಿ ಒಂದು ಕಿಲೋ ಕೊಂಡುಕೊಂಡೆ.

ಗಡಿ ನಿಜವಾಗಿ ಕಾಣುವುದು ಈ ಮಾರುಕಟ್ಟೆಯಲ್ಲಿ, ಅದೂ ವರ್ಷದಲ್ಲಿ ಎಂಟು ಹತ್ತು ದಿನ ಮಾತ್ರ. ಮೀನು ಮೊಟ್ಟೆಯಿಡುವ ಮಳೆಗಾಲದಲ್ಲಿ ಯಾಂತ್ರಿಕ ದೋಣಿಗಳಿಗೆ ಎರಡೂ ರಾಜ್ಯಗಳಲ್ಲಿ ನಿಷೇಧವಿದೆ. ಕರ್ನಾಟಕದಲ್ಲಿ ಅದು ಜೂನ್ 1ರಿಂದ ಜುಲೈ 31ರವರೆಗೆ 61 ದಿನ. ಕೇರಳದಲ್ಲಿ ಟ್ರಾಲರುಗಳು ದಡ ಸೇರುವುದು ಜೂನ್ 9ರ ಮಧ್ಯರಾತ್ರಿಗೆ, ಅಲ್ಲಿಂದ 52 ದಿನ. ಹೀಗಾಗಿ ಜೂನ್ ಮೊದಲ ವಾರದಲ್ಲಿ ಮಂಗಳೂರಿನ ಧಕ್ಕೆಯಲ್ಲಿ (ಮೀನುಬಂದರಿನಲ್ಲಿ) ಬೋಟುಗಳು ಲಂಗರು ಹಾಕಿ ನಿಂತಿರುವಾಗ ಕೇರಳದ ಬೋಟುಗಳು ಇನ್ನೂ ಕಡಲಲ್ಲಿರುತ್ತವೆ. ಆ ವಾರ ಮಂಗಳೂರಿನ ನೆಂಟರು ನಮ್ಮನ್ನು ಹೆಚ್ಚು ನೆನೆಯುತ್ತಾರೆ. ಅದು ಮುಗಿದ ಮೇಲೆ ಎರಡು ಕಡೆಯವರಿಗೂ ನಾಡದೋಣಿಯ ಮೀನು, ಒಣಮೀನು, ಇಲ್ಲವೇ ಹಲಸಿನ ಬೀಜ ಮತ್ತು ಸೌತೆಯ ಹುಳಿಯೇ ಗತಿ.

ಸೌತೆಯೆಂದಾಗ ನೆನಪಾಯಿತು. ನೀವು ಬೆಂಗಳೂರಿನಲ್ಲಿ ಮಂಗಳೂರು ಸೌತೆಯೆಂದು ಕೊಳ್ಳುವ ಹಳದಿ ಪಟ್ಟೆಯ ದಪ್ಪ ಕಾಯಿಗೆ ಇಲ್ಲಿ ಹೆಸರು ವೆಳ್ಳರಿ. ವರ್ಷವಿಡೀ ಮೂಲೆಯಲ್ಲಿ ಬಿದ್ದಿರುವ ಅದಕ್ಕೆ ಏಪ್ರಿಲ್ ಮಧ್ಯದಲ್ಲಿ, ಸೌರ ಹೊಸವರ್ಷವಾದ ವಿಷುವಿನ ಹಿಂದಿನ ಎರಡು ದಿನ, ರಾಜಯೋಗ ಬರುತ್ತದೆ. ಹಬ್ಬದ ದಿನ ಬೆಳಗಾಗುವ ಮೊದಲು ನೋಡುವ, ಹಣ್ಣುಕಾಯಿ ಜೋಡಿಸಿಟ್ಟ ಕಣಿಯಲ್ಲಿ ಬಂಗಾರದ ಬಣ್ಣದ ವೆಳ್ಳರಿ ಇರಲೇಬೇಕು. ಇಲ್ಲಿಯ ಕನ್ನಡಿಗರೂ ಯುಗಾದಿಗಿಂತ ಬಿಸು (ವಿಷು) ಕಣಿಗೇ ಹೆಚ್ಚು ಒಲಿದವರು, ಆದ್ದರಿಂದ ಕ್ರಯ ಏರಿದ್ದಕ್ಕೆ ಮಲೆಯಾಳದವರನ್ನು ಮಾತ್ರ ದೂರುವಂತಿಲ್ಲ. ಕಣಿ ಮುಗಿದು ವಾರದ ಮೇಲೆ ಅದೇ ಸೌತೆ ಕೊದಿಲಿಗೆ ಬೀಳುತ್ತದೆ. ಕೊದಿಲೆಂದರೆ ಹುರಿದ ಮಸಾಲೆಗೆ ತೆಂಗಿನಕಾಯಿ ಸೇರಿಸಿ ರುಬ್ಬಿ ಹಾಕಿದ ನಮ್ಮ ಹುಳಿ.

ಇನ್ನು ಕೆಲವನ್ನು ಬೇಗ ಹೇಳಿಬಿಡುತ್ತೇನೆ. ಮಧೂರಿನ ಗಣಪತಿಗೆ ನಮಸ್ಕರಿಸಲು ಹೋದಾಗ ಅಪ್ಪದ ಪ್ರಸಾದವನ್ನು ಮರೆಯಬೇಡಿ. ಕಪ್ಪಗೆ ಹೊಳೆಯುವ ಆ ಅಪ್ಪಕ್ಕಾಗಿಯೇ ದೂರದಿಂದ ಬರುವವರಿದ್ದಾರೆ. ಹೆದ್ದಾರಿಯ ಬದಿಯಲ್ಲಿರುವ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಅರಳದ ಹೊಂಬಾಳೆಯಿಂದ ಇಳಿಯುವ ರಸವನ್ನು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ಹಿಡಿದರೆ ಅದು ಹುಳಿಯದೆ ಸಿಹಿಯಾಗಿಯೇ ಉಳಿಯುತ್ತದೆಂದು ತೋರಿಸಿ, ಅದಕ್ಕೆ ಕಲ್ಪರಸವೆಂದು ಹೆಸರಿಟ್ಟವರು ಅಲ್ಲಿಯವರು. ಸಿಕ್ಕರೆ ಕುಡಿಯಿರಿ, ಕಳ್ಳಿನ ಮದವಿಲ್ಲ, ಎಳನೀರಿಗಿಂತ ಗಟ್ಟಿ ಸಿಹಿ. ರಂಜಾನ್ ತಿಂಗಳಲ್ಲಿ ಹಲವು ಹೋಟೆಲುಗಳು ಹಗಲು ಮುಚ್ಚಿರುತ್ತವೆ, ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಳ್ಳುವುದು ಮೇಲು. ಆದರೆ ಸಂಜೆ ಐದರ ಮೇಲೆ ಅಂಗಡಿಗಳ ಮುಂದೆ ಹಾಕುವ ಮೇಜುಗಳಲ್ಲಿ ಉನ್ನಕ್ಕಾಯಿ ಸಿಗುತ್ತದೆ. ಬೇಯಿಸಿದ ನೇಂದ್ರವನ್ನು ಅರೆದು, ಒಳಗೆ ತೆಂಗಿನತುರಿ, ಸಕ್ಕರೆ, ಗೋಡಂಬಿ ತುಂಬಿ, ಕದಿರಿನ ಆಕಾರಕ್ಕೆ ತಿದ್ದಿ ಕರಿದದ್ದು ಅದು. ಹಲಸಿನ ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ, ಹಲಸಿನ ತೊಳೆಯ ಕರಿದ ಸಣ್ಣ ಉಂಡೆಗಳಾದ ಉಂಡ್ಲಕಾಳು ಪೇಟೆಯಲ್ಲಿ ಸಿಗುತ್ತವಾದರೂ ಬದಿಯಡ್ಕ, ನೀರ್ಚಾಲು ಕಡೆಯ ಮನೆಗಳವರ ಪರಿಚಯವಾಗುವವರೆಗೆ ಕಾಯಿರಿ. ಆ ಪರಿಚಯ ತಾನಾಗಿಯೇ ಆಗುತ್ತದೆ, ನೀವು ಕನ್ನಡದವರೆಂದು ತಿಳಿದರೆ ಸಾಕು.

ನೀವು ಬರುವುದು ಜೂನಿನಲ್ಲೆಂದು ಬರೆದಿದ್ದೀರಿ. ಹಾಗಾದರೆ ಕೊಡೆಯ ಜೊತೆಗೆ ಬಿಗಿ ಮುಚ್ಚಳದ ಎರಡು ಡಬ್ಬಿಗಳನ್ನೂ ತನ್ನಿ. ಮಳೆಗಾಲದ ಗಾಳಿಗೆ ಇಲ್ಲಿ ಚಿಪ್ಸು ಒಂದು ರಾತ್ರಿಯಲ್ಲೇ ಮೆತ್ತಗಾಗುತ್ತದೆ. ಬಿಸಿಯಾಗಿದ್ದಾಗಲೇ ಮುಚ್ಚಳ ಹಾಕಬೇಡಿ, ಕಾಗದದ ಮೇಲೆ ಹರಡಿ ಪೂರ್ತಿ ಆರಿದ ಮೇಲೆ ಹಾಕಿ.